ಸಾಲ ಗುಣಿಸಿ 50 ಲಕ್ಷ: ಗ್ರೆನೋಬ್ಲಿನ ಹುಡುಗನ ಮೈನಸ್ ಪ್ರಶ್ನೆ

ಒಬ್ಬ ಮನುಷ್ಯನಿಗೆ 10,000 ಫ್ರಾಂಕ್ ಸಾಲ ಇದೆ. ಜೊತೆಗೆ ಇನ್ನೊಂದು 500 ಫ್ರಾಂಕ್ ಸಾಲ. ಈ ಸಾಲವನ್ನು ಆ ಸಾಲದಿಂದ ಗುಣಿಸಿದ ಕೂಡಲೇ ಅವನು 50 ಲಕ್ಷ ಫ್ರಾಂಕಿನ ಒಡೆಯ ಆಗಿಬಿಡುತ್ತಾನಾ? ಆಗುವುದಾದರೆ ಹೇಗೆ?

18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ಊರಿನ ಒಬ್ಬ ಹುಡುಗನನ್ನು ಕಾಡಿದ ಪ್ರಶ್ನೆ ಇದು. ಹುಡುಗನ ಹೆಸರು ಆನ್ರಿ ಬೇಲ್. ಮುಂದೆ ಸ್ತಾಂದಾಲ್ ಅನ್ನುವ ಹೆಸರಿನಲ್ಲಿ ಕಾದಂಬರಿ ಬರೆದು ಜಗತ್ತಿಗೆಲ್ಲ ಗೊತ್ತಾದವನು ಇವನೇ. ಋಣ ಸಂಖ್ಯೆಗಳ ಗುಣಾಕಾರ ಮತ್ತು ಭಾಗಾಕಾರದ ಬಗ್ಗೆ ಮಾತಾಡಲು ನಾನು ಈ ಪ್ರಕರಣವನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಯಾಕೆ ಅಂತ ಒಳಗೊಳಗೇ ಅನ್ನಿಸಿದ್ದರೂ ಹೆಚ್ಚಿನವರು ಸುಮ್ಮನಾದೆವು. ಇವನು ಸುಮ್ಮನಾಗಲಿಲ್ಲ. ಏನು ಕೇಳಿದೆ, ಮೇಷ್ಟ್ರು ಏನು ಹೇಳಿದರು, ತನಗೆ ಏನನ್ನಿಸಿತು, ಎಲ್ಲವನ್ನೂ ಬರೆದಿಟ್ಟ. ಗಣಿತ ಕಲಿಯುವಾಗ ಎಲ್ಲಿ ಮುಗ್ಗರಿಸಿದೆ ಎಂದು ವಿದ್ಯಾರ್ಥಿಯೇ ಇಷ್ಟು ಬಿಡಿಸಿ ಹೇಳಿದ ದಾಖಲೆ ಸಿಗುವುದು ಅಪರೂಪ.

ಒಂದು ಎಚ್ಚರಿಕೆ ಬೇಕು. ಅವನು ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದದ್ದು 1835–36ರಲ್ಲಿ, ಇಟಲಿಯ ಚಿವಿತಾವೆಕ್ಕಿಯಾದಲ್ಲಿ ಫ್ರೆಂಚ್ ಕಾನ್ಸಲ್ ಆಗಿದ್ದಾಗ. ವಯಸ್ಸು ಐವತ್ತು ದಾಟಿತ್ತು. ಮಾತು ಹಳೆಯದು, ಸಿಟ್ಟು ಮಾತ್ರ ಹಳೆಯದಾಗಿರಲಿಲ್ಲ. ಮೇಷ್ಟ್ರುಗಳ ಕಡೆಯ ಮಾತು ನಮಗೆ ಸಿಕ್ಕಿಲ್ಲ. ಅಷ್ಟನ್ನು ನೆನಪಿಟ್ಟುಕೊಂಡೇ ಓದಬೇಕು.

ಹುಡುಗ ಮತ್ತು ಊರು

ಆನ್ರಿ ಹುಟ್ಟಿದ್ದು 1783ರ ಜನವರಿ 23ರಂದು. ಏಳು ವರ್ಷಕ್ಕೆ ತಾಯಿ ತೀರಿಕೊಂಡರು. ತಂದೆ ವಕೀಲರು, ಬಿಗಿ ಸ್ವಭಾವ. ಮನೆಗೆ ಬಂದು ಪಾಠ ಹೇಳುತ್ತಿದ್ದ ಪಾದ್ರಿಯನ್ನು ಕಂಡರೆ ಹುಡುಗನಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಅವನಿಗೆ ಹಿಡಿಸಿದವರೆಂದರೆ ತಾಯಿಯ ತಂದೆ, ಡಾಕ್ಟರ್ ಗಾನ್ಯೋಂ. ಫ್ರೆಂಚ್ ಕ್ರಾಂತಿಯ ಸರ್ಕಾರ ಜಿಲ್ಲೆ ಜಿಲ್ಲೆಯಲ್ಲಿ ಹೊಸ ಬಗೆಯ ಶಾಲೆಗಳನ್ನು ತೆರೆಯಿತು. ಅವಕ್ಕೆ ಏಕೋಲ್ ಸಾಂತ್ರಾಲ್ ಎಂದು ಹೆಸರು. ಗ್ರೆನೋಬ್ಲಿನ ಶಾಲೆ ಶುರುವಾಗಿದ್ದು 1796ರ ಕೊನೆಗೆ. ಅದನ್ನು ಕಟ್ಟುವುದರಲ್ಲಿ ಅಜ್ಜನದೂ ಕೈ ಇತ್ತು. ಮೊಮ್ಮಗ ಅಲ್ಲಿಗೇ ಸೇರಿದ.

ಅವನಿಗೆ ಗಣಿತ ಬೇಕಾಗಿದ್ದಕ್ಕೆ ಎರಡು ಕಾರಣ. ಒಂದು, ಊರು ಬಿಡಬೇಕಿತ್ತು. ಪ್ಯಾರಿಸಿನಲ್ಲಿ 1794ರಲ್ಲಿ ಏಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜು ತೆರೆದಿತ್ತು. ಗಣಿತ ಬಂದರೆ ಅಲ್ಲಿಗೆ ಹೋಗಬಹುದು. ಇನ್ನೊಂದು ಕಾರಣವೇ ನಮ್ಮ ಕಥೆಗೆ ಮುಖ್ಯ. ಅವನಿಗೆ ಬೂಟಾಟಿಕೆ ಎಂದರೆ ಮೈ ಉರಿಯುತ್ತಿತ್ತು. ಮನೆ, ಚರ್ಚು, ಊರ ದೊಡ್ಡವರು, ಎಲ್ಲ ಕಡೆಯೂ ಅವನಿಗೆ ಅದೇ ಕಂಡಿತ್ತು. ಗಣಿತದಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ ಎಂದು ನಂಬಿದ್ದ.

ಅಂಥ ಹುಡುಗನ ಎದುರಿಗೆ ಬಂದು ನಿಂತಿದ್ದು ಮೈನಸ್ ಇಂಟು ಮೈನಸ್.

ಕೇಳಿದ್ದು, ಸಿಕ್ಕಿದ್ದು

ಶಾಲೆಯ ಗಣಿತದ ಮೇಷ್ಟ್ರು ದ್ಯುಪ್ವಿ. ಅವರ ಪಾಠ ಸಾಲದೆಂದು ಶಾಬೇರ್ ಎಂಬುವರ ಬಳಿ ಮನೆಪಾಠಕ್ಕೂ ಹೋಗುತ್ತಿದ್ದ. ಶಾಬೇರ್ 18ನೇ ಶತಮಾನದ ದೊಡ್ಡ ಗಣಿತಜ್ಞ ಆಯ್ಲರನ ಲೆಕ್ಕಗಳನ್ನು ಹೇಳಿಕೊಡುತ್ತಿದ್ದರು. ಹಳ್ಳಿಯ ಹೆಂಗಸು ಸಂತೆಗೆ ತಂದ ಮೊಟ್ಟೆಗಳಲ್ಲಿ ಇಷ್ಟು ಭಾಗ ಕಳ್ಳತನ ಆಯಿತು, ಉಳಿದದ್ದು ಎಷ್ಟು, ಇಂಥ ಲೆಕ್ಕಗಳು. ಬೀಜಗಣಿತವನ್ನು ಕೈಯಲ್ಲಿ ಹಿಡಿದು ಬಳಸುವುದು ಹೇಗೆ ಎಂದು ಹೊಳೆದದ್ದೇ ಆಗ ಎಂದು ಸ್ತಾಂದಾಲ್ ನೆನೆಯುತ್ತಾನೆ. ಅಂದರೆ ಇವನು ದಡ್ಡನಾಗಿರಲಿಲ್ಲ, ಪಾಠ ತಲೆಗೆ ಹೋಗದೆ ತಕರಾರು ತೆಗೆದವನೂ ಅಲ್ಲ. 1799ರಲ್ಲಿ ಶಾಲೆಯ ಗಣಿತದ ಮೊದಲ ಬಹುಮಾನ ಅವನಿಗೇ ಬಂತು.

ಸಾಲದ ಪ್ರಶ್ನೆ ಎತ್ತಿದಾಗ ದ್ಯುಪ್ವಿ ಅದನ್ನು ಪ್ರಶ್ನೆ ಎಂದೇ ಗಣಿಸಲಿಲ್ಲವಂತೆ. ಶಾಬೇರ್ ಸ್ವಲ್ಪ ಸಂಕೋಚಪಟ್ಟರು. ಪಾಠವನ್ನೇ ಇನ್ನೊಂದು ಸಲ ಒಪ್ಪಿಸಿದರು. ಹುಡುಗನ ತಕರಾರು ಇದ್ದದ್ದೇ ಆ ಪಾಠದ ಮೇಲೆ. ಬಿಡದೆ ಕೇಳಿದಾಗ ಅವರ ಧಾಟಿ ಹೀಗಿತ್ತು: ಇದು ರೂಢಿ, ಎಲ್ಲರೂ ಒಪ್ಪಿಕೊಂಡಿದ್ದಾರೆ, ನಿನಗಿಂತ ಕಡಿಮೆ ಇಲ್ಲದ ಆಯ್ಲರ್, ಲಗ್ರಾಂಜ್ ಅವರಂಥ ಗಣಿತಜ್ಞರು ಕೂಡ ಒಪ್ಪಿದ್ದಾರೆ.

ಹುಡುಗನ ಮುಂದೆ ಎರಡೇ ದಾರಿ ಉಳಿದವು. ಒಂದೋ ಇವರಿಗೆ ಗೊತ್ತಿದ್ದೂ ಹೇಳುತ್ತಿಲ್ಲ. ಇಲ್ಲವೋ ಇವರಿಗೂ ಗೊತ್ತಿಲ್ಲ, ಗೊತ್ತಿರುವ ಹಾಗೆ ನಟಿಸುತ್ತಿದ್ದಾರೆ. ಬೂಟಾಟಿಕೆ ಇಲ್ಲ ಎಂದು ನಂಬಿದ್ದ ಜಾಗದಲ್ಲೇ ಅದು ಕಂಡಂತಾಯಿತು. ಸಮಾಂತರ ರೇಖೆಗಳು ಅನಂತದಲ್ಲಿ ಸೇರುತ್ತವೆ ಎಂಬ ಮಾತನ್ನು ಓದಿದಾಗಲೂ ಅವನಿಗೆ ಹೀಗೇ ಆಗಿತ್ತು. ಆ ಕಥೆ ಬೇರೆ.

ಕೊನೆಗೆ ಅವನು ತಲುಪಿದ ರಾಜಿ ಇದು: ಈ ನಿಯಮ ಬಳಸಿ ಲೆಕ್ಕ ಮಾಡಿದಾಗಲೆಲ್ಲ ಅನುಮಾನವೇ ಇಲ್ಲದ ಸರಿ ಉತ್ತರ ಬರುತ್ತದೆ, ಹಾಗಾಗಿ ನಿಯಮ ನಿಜ ಇರಲೇಬೇಕು. ಐವತ್ತು ದಾಟಿದ ಮೇಲೂ ತಾನು ಹೇಳಿಕೊಳ್ಳುವುದು ಇಷ್ಟೇ ಎಂದು ಬರೆಯುತ್ತಾನೆ. ಈ ಮಾತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಿ. ಉತ್ತರದ ಹತ್ತಿರ ಹತ್ತಿರಕ್ಕೆ ಬಂದು ನಿಂತಿದ್ದಾನೆ, ಅವನಿಗೇ ಗೊತ್ತಾಗಲಿಲ್ಲ.

ಆಯ್ಲರ್ ನಿಜಕ್ಕೂ ಏನು ಹೇಳಿದ್ದ

ಶಾಬೇರ್ ಆಯ್ಲರನ ಹೆಸರು ಹೇಳಿದರಲ್ಲ, ಅವನ ಪುಸ್ತಕದಲ್ಲಿ ಏನಿತ್ತು ನೋಡೋಣ. ಆಯ್ಲರನ ಬೀಜಗಣಿತ ಜರ್ಮನ್ ಭಾಷೆಯಲ್ಲಿ 1770ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬಂತು. ಕಣ್ಣು ಹೋದ ಮೇಲೆ ಹೇಳಿ ಬರೆಸಿದ ಪುಸ್ತಕ ಅದು. 1774ರ ಫ್ರೆಂಚ್ ಅನುವಾದಕ್ಕೆ ಲಗ್ರಾಂಜ್ ಸೇರಿಕೆಗಳನ್ನು ಬರೆದ. ಎರಡು ಹೆಸರೂ ಒಟ್ಟೊಟ್ಟಿಗೆ ಮೇಷ್ಟ್ರ ಬಾಯಿಗೆ ಬಂದದ್ದು ಹೀಗೇ ಇರಬಹುದು.

ಆಯ್ಲರ್ ಎರಡು ಹೆಜ್ಜೆಯಲ್ಲಿ ಹೇಳುತ್ತಾನೆ. ಮೊದಲನೆಯದು: –ಎ ಎಂಬುದನ್ನು ಸಾಲ ಅಂದುಕೊಳ್ಳಿ. ಆ ಸಾಲವನ್ನು ಮೂರು ಸಲ ಮಾಡಿದರೆ ಸಾಲ ಮೂರು ಪಟ್ಟಾಗುತ್ತದೆ. ಹಾಗಾಗಿ –ಎ ಇಂಟು 3 ಎಂದರೆ –3ಎ. ಸರಿ, ಯಾರಿಗಾದರೂ ಒಪ್ಪಿಗೆ.

ಎರಡನೆಯದು: –ಎ ಇಂಟು –ಬಿ. ಉತ್ತರ ಎಬಿ ಇರಬೇಕು, ಮುಂದಿನ ಚಿಹ್ನೆ ಮಾತ್ರ ಪ್ಲಸ್ಸೋ ಮೈನಸ್ಸೋ ಗೊತ್ತಿಲ್ಲ. –ಎ ಇಂಟು +ಬಿ ಮಾಡಿದಾಗ –ಎಬಿ ಬಂದಿತ್ತು. ಬಿ ಬದಲು –ಬಿ ಹಾಕಿದರೂ ಅದೇ ಉತ್ತರ ಬರಲು ಸಾಧ್ಯವಿಲ್ಲ. ಹಾಗಾಗಿ ಉಳಿದದ್ದು +ಎಬಿ.

ಸ್ವಲ್ಪ ನಿಧಾನವಾಗಿ ಓದಿ. ಮೊದಲ ಹೆಜ್ಜೆಯಲ್ಲಿದ್ದ ಸಾಲ ಎರಡನೆಯದರಲ್ಲಿ ಎಲ್ಲಿ ಹೋಯಿತು? ಕಾಣುವುದೇ ಇಲ್ಲ. ಆಯ್ಲರ್ ಸದ್ದಿಲ್ಲದೆ ಅದನ್ನು ಕೆಳಗಿಟ್ಟು, ‘ಇದಲ್ಲದಿದ್ದರೆ ಅದು’ ಎಂಬ ವಾದಕ್ಕೆ ಹಾರಿದ್ದಾನೆ. ಹುಡುಗ ಮಾಡಿದ ‘ತಪ್ಪು’ ಎಂದರೆ, ಕೈಗೆ ಕೊಟ್ಟ ಸಾಲವನ್ನು ಕೆಳಗಿಡದೆ ಎರಡನೇ ಹೆಜ್ಜೆಗೂ ಹೊತ್ತು ತಂದದ್ದು. ಒಂದು ಉದಾಹರಣೆ ಕೊಟ್ಟ ಮೇಲೆ ಅದು ಎಲ್ಲಿಯವರೆಗೆ ಮಾತ್ರ ನಡೆಯುತ್ತದೆ ಎಂದು ಹೇಳುವುದು ಕೊಟ್ಟವರ ಕೆಲಸ ಅಲ್ವಾ?

ಸಾಲ ಎಲ್ಲಿ ಕೈಕೊಟ್ಟಿತು

ಈಗ 50 ಲಕ್ಷದ ಪ್ರಶ್ನೆಗೆ ಬರೋಣ. ಮೈನಸ್ಸನ್ನು ಪೂರ್ತಿ ಮರೆತುಬಿಡಿ. ಒಬ್ಬನ ಒಂದು ಜೇಬಿನಲ್ಲಿ 10,000 ಫ್ರಾಂಕ್ ಇದೆ, ಇನ್ನೊಂದರಲ್ಲಿ 500 ಫ್ರಾಂಕ್ ಇದೆ. ಎರಡನ್ನೂ ಗುಣಿಸಿ 50 ಲಕ್ಷ ಫ್ರಾಂಕ್ ಮಾಡಿಕೊಳ್ಳಲು ಬರುತ್ತದಾ? ಬರುವ ಹಾಗಿದ್ದರೆ ನಾವೆಲ್ಲ ಮನೆಯಲ್ಲೇ ಕೂತು ಗುಣಿಸುತ್ತಿದ್ದೆವು.

ಅಂದರೆ ಸಿಕ್ಕು ಇರುವುದು ಮೈನಸ್ಸಿನಲ್ಲಿ ಅಲ್ಲವೇ ಅಲ್ಲ. ದುಡ್ಡನ್ನು ದುಡ್ಡಿನಿಂದ ಗುಣಿಸಿದರೆ ದುಡ್ಡು ಬರುವುದಿಲ್ಲ. ದುಡ್ಡನ್ನು ‘ಎಷ್ಟು ಸಲ’ ಎಂಬ ಎಣಿಕೆಯಿಂದ ಗುಣಿಸಿದರೆ ಮಾತ್ರ ದುಡ್ಡು ಬರುತ್ತದೆ. 10,000 ಫ್ರಾಂಕ್, 500 ಸಲ: ಇದಕ್ಕೆ ಅರ್ಥ ಇದೆ. 10,000 ಫ್ರಾಂಕ್, 500 ಫ್ರಾಂಕ್ ಸಲ: ಇದಕ್ಕೆ ಇಲ್ಲ. ಹುಡುಗ ಮೈನಸ್ ಚಿಹ್ನೆಯ ಮೇಲೆ ಅನುಮಾನ ಪಟ್ಟ. ಅನುಮಾನ ಪಡಬೇಕಿದ್ದದ್ದು 500ರ ಪಕ್ಕ ಕೂತಿದ್ದ ‘ಫ್ರಾಂಕ್’ ಮೇಲೆ. ಇಷ್ಟನ್ನು ದ್ಯುಪ್ವಿಯಾಗಲಿ ಶಾಬೇರ್ ಆಗಲಿ ತೋರಿಸಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ಉಳಿದರ್ಧ: ‘ಮೈನಸ್ 500 ಸಲ’ ಎಂದರೇನು? ಇಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯವಹಾರ ಸಹಾಯಕ್ಕೆ ಬರುತ್ತದೆ, ಸಾಲ ಮನ್ನಾ. ಒಂದು ಊರಿನಲ್ಲಿ ತಲಾ 10,000ದ 500 ಸಾಲಗಳಿವೆ. ಊರಿನ ಲೆಕ್ಕದಲ್ಲಿ ಒಟ್ಟು –50 ಲಕ್ಷ. 500 ಸಾಲಗಳನ್ನೂ ಪುಸ್ತಕದಿಂದ ತೆಗೆದುಹಾಕಿದರು. ತೆಗೆದದ್ದು 500, ಅಂದರೆ –500 ಸಲ. ಪ್ರತಿಯೊಂದೂ –10,000. ಊರಿನ ಲೆಕ್ಕ ಎಷ್ಟು ಬದಲಾಯಿತು? 50 ಲಕ್ಷದಷ್ಟು ಮೇಲಕ್ಕೆ ಬಂತು.

(–500) × (–10,000) = +50,00,000.

ಆದರೆ ಮನ್ನಾ ಆದ ದಿನ ಯಾರ ಕೈಗೂ ದುಡ್ಡು ಬರುವುದಿಲ್ಲ. ಊರು –50 ಲಕ್ಷದಿಂದ ಸೊನ್ನೆಗೆ ಬಂದಿದೆ, ಅಷ್ಟೇ. +50 ಲಕ್ಷ ಎಂಬುದು ಆದ ಬದಲಾವಣೆ, ಇಟ್ಟುಕೊಂಡ ಆಸ್ತಿ ಅಲ್ಲ. ಹುಡುಗ ಕೇಳಿದ್ದು ‘ಆಸ್ತಿ ಹೇಗೆ ಬರುತ್ತದೆ’ ಎಂದು. ಈ ಉದಾಹರಣೆ ಅವನಿಗೆ ಅರ್ಧ ಸಮಾಧಾನ ಮಾತ್ರ ಕೊಡುತ್ತದೆ. ಅದನ್ನು ಮುಚ್ಚಿಟ್ಟರೆ ಮತ್ತೆ ಶಾಬೇರ್ ಮಾಡಿದ್ದನ್ನೇ ಮಾಡಿದಂತೆ.

‘ಎಲ್ಲರೂ ಒಪ್ಪಿದ್ದಾರೆ’ ಎಂಬ ಮಾತು

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಬೇಸರ ತರಿಸುವುದು ಇದು. ಎಲ್ಲರೂ ಒಪ್ಪಿದ್ದಾರೆ ಎಂಬುದು ನಿಜವೇ ಅಲ್ಲ.

ಇಂಗ್ಲೆಂಡಿನ ಫ್ರಾನ್ಸಿಸ್ ಮಸೆರಸ್ 1758ರಲ್ಲೇ ಋಣ ಸಂಖ್ಯೆಗಳ ವಿರುದ್ಧ ಒಂದು ಪ್ರಬಂಧ ಬರೆದಿದ್ದ. ಸಣ್ಣದರಿಂದ ದೊಡ್ಡದನ್ನು ಕಳೆಯುವುದನ್ನೇ ಅವನು ಒಪ್ಪುತ್ತಿರಲಿಲ್ಲ. ವಿಲಿಯಂ ಫ್ರೆಂಡ್ ಎಂಬುವನು ಋಣ ಸಂಖ್ಯೆಗಳನ್ನು ಹೊರಗಿಟ್ಟೇ ಬೀಜಗಣಿತದ ಪುಸ್ತಕ ಬರೆದ. ಅದು ಅಚ್ಚಾದದ್ದು 1796, ನಮ್ಮ ಹುಡುಗ ಶಾಲೆಗೆ ಸೇರಿದ ವರ್ಷ. ಫ್ರಾನ್ಸಿನಲ್ಲೇ ಲಾಜಾರ್ ಕಾರ್ನೋ ಇದ್ದ. ಇವನೇನು ಮೂಲೆಯಲ್ಲಿದ್ದವನಲ್ಲ. 1795ರಿಂದ 1797ರವರೆಗೆ ದೇಶ ಆಳುತ್ತಿದ್ದ ಐದು ಜನರ ಡೈರೆಕ್ಟರಿಯಲ್ಲಿ ಒಬ್ಬ, ಜೊತೆಗೆ ಒಳ್ಳೆಯ ಗಣಿತಜ್ಞ. 1803ರಲ್ಲಿ ಬಂದ ಪುಸ್ತಕದಲ್ಲಿ ಅವನು ಕೇಳಿದ ಪ್ರಶ್ನೆ ಇದು: –3 ಎಂಬುದು 2ಕ್ಕಿಂತ ಸಣ್ಣದು ಅನ್ನುತ್ತೀರಿ. ಸಣ್ಣದರ ವರ್ಗ 9, ದೊಡ್ಡದರ ವರ್ಗ 4. ಸಣ್ಣದನ್ನು ಸಣ್ಣದರಿಂದಲೇ ಗುಣಿಸಿದರೆ ದೊಡ್ಡದರ ವರ್ಗಕ್ಕಿಂತ ಜಾಸ್ತಿ ಹೇಗಾಯಿತು?

ದೇಶದ ದೊಡ್ಡ ತಲೆಗಳೇ ತಲೆ ಕೆರೆದುಕೊಳ್ಳುತ್ತಿದ್ದ ಪ್ರಶ್ನೆಯನ್ನು ಹದಿಹರೆಯದ ಹುಡುಗ ತಾನಾಗಿ ಕಂಡುಕೊಂಡಿದ್ದ. ಅವನಿಗೆ ಸಿಕ್ಕಿದ್ದು ಆಯ್ಲರನ ಹೆಸರು.

ನಮ್ಮ ಕಡೆಗೆ ಬಂದರೆ ಈ ನಿಯಮ ಆಗಲೇ ಸಾವಿರ ವರ್ಷಕ್ಕೂ ಹಳೆಯದು. ಭಿಲ್ಲಮಾಲದ ಬ್ರಹ್ಮಗುಪ್ತ 628ರಲ್ಲಿ ಧನ, ಋಣ, ಸೊನ್ನೆಗಳ ಲೆಕ್ಕದ ನಿಯಮಗಳನ್ನು ಸಾಲಾಗಿ ಹೇಳಿದ. ಋಣ ಇಂಟು ಋಣ ಧನ, ಋಣ ಇಂಟು ಧನ ಋಣ, ಭಾಗಿಸುವಾಗಲೂ ಹಾಗೇ. ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಪುಸ್ತಕದ ಮೊದಲಿಗೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರನೂ ಅದೇ ಚಿಹ್ನೆ ನಿಯಮ ಕೊಡುತ್ತಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧನದ ವರ್ಗವೂ ಧನ, ಋಣದ ವರ್ಗವೂ ಧನ, ಹಾಗಾಗಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎನ್ನುತ್ತಾನೆ. ಅದೇ ಮಹಾವೀರ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದೂ ಬರೆದ. ಅದು ತಪ್ಪು. ಚಿಹ್ನೆಯಲ್ಲಿ ಸರಿ, ಸೊನ್ನೆಯಲ್ಲಿ ಎಡವಿದ.

ಆದರೆ ಹೆಮ್ಮೆ ಪಟ್ಟುಕೊಂಡು ಇಲ್ಲಿಗೇ ನಿಲ್ಲಿಸುವಂತಿಲ್ಲ. ಈ ಶ್ಲೋಕಗಳಲ್ಲಿ ನಿಯಮ ಇದೆ, ಕಾರಣ ಇಲ್ಲ. ಗ್ರೆನೋಬ್ಲಿನ ಹುಡುಗ ಮಳಖೇಡದಲ್ಲಿ ಕೂತಿದ್ದರೂ ಅದೇ ಪ್ರಶ್ನೆ ಕೇಳುತ್ತಿದ್ದ. ಕಾರಣ ಕೊಡುವ ಕೆಲಸ ವ್ಯಾಖ್ಯಾನಕಾರರದು. ಭಾಸ್ಕರಾಚಾರ್ಯನ ಬೀಜಗಣಿತಕ್ಕೆ 1600ರ ಸುಮಾರಿಗೆ ವ್ಯಾಖ್ಯಾನ ಬರೆದ ಕೃಷ್ಣ ದೈವಜ್ಞ ಈ ಚಿಹ್ನೆ ನಿಯಮಗಳಿಗೆ ಉಪಪತ್ತಿ, ಅಂದರೆ ಕಾರಣ ಸಹಿತ ಸಾಧನೆ, ಕೊಟ್ಟಿದ್ದಾನೆ. ಇವುಗಳಲ್ಲಿ ಯಾವುದೂ 1790ರ ದಶಕದ ಗ್ರೆನೋಬ್ಲಿಗೆ ತಲುಪಿರಲಿಲ್ಲ. ಬ್ರಹ್ಮಗುಪ್ತನನ್ನು ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದೇ 1817ರಲ್ಲಿ.

ಅವನಿಗೆ ಏನು ಹೇಳಬಹುದಿತ್ತು

‘ನಿಯಮ ಬಳಸಿದರೆ ಸರಿ ಉತ್ತರ ಬರುತ್ತದೆ’ ಎಂದನಲ್ಲ, ಅಲ್ಲಿಂದಲೇ ಹಿಡಿಯೋಣ. ಯಾವ ಸರಿ ಉತ್ತರ?

8 × 7 = 56. ಇದರಲ್ಲಿ ಯಾರಿಗೂ ಜಗಳ ಇಲ್ಲ. 8ನ್ನು 10 – 2 ಎಂದೂ 7ನ್ನು 10 – 3 ಎಂದೂ ಬರೆಯಿರಿ. ಈಗ ಬಿಡಿ ಬಿಡಿಯಾಗಿ ಗುಣಿಸಿ.

10 × 10 = 100
10 × (–3) = –30
(–2) × 10 = –20
(–2) × (–3) = ?

ಮೊದಲ ಮೂರನ್ನು ಕೂಡಿದರೆ 50. ಉತ್ತರ 56 ಆಗಬೇಕು. ಕೊನೆಯದು +6 ಆಗದೆ ಬೇರೆ ದಾರಿಯೇ ಇಲ್ಲ. –6 ಎಂದರೆ 8 × 7 = 44 ಆಗಿಬಿಡುತ್ತದೆ.

ಕಾಗದದ ಮೇಲೆ ಚೌಕ ಬರೆದರೆ ಕಾರಣ ಕಣ್ಣಿಗೇ ಕಾಣುತ್ತದೆ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಬಲಗಡೆಯಿಂದ 3 ಸೆಂಟಿಮೀಟರ್ ಪಟ್ಟಿ ಕಳೆಯಿರಿ: 30 ಹೋಯಿತು. ಕೆಳಗಿನಿಂದ 2 ಸೆಂಟಿಮೀಟರ್ ಪಟ್ಟಿ ಕಳೆಯಿರಿ: 20 ಹೋಯಿತು. ಕೆಳಗಿನ ಬಲ ಮೂಲೆಯನ್ನು ನೋಡಿ. 2 ಇಂಟು 3ರ ಆ ತುಂಡು ಎರಡು ಪಟ್ಟಿಗಳಲ್ಲೂ ಇದೆ. ಅದನ್ನು ಎರಡು ಸಲ ಕಳೆದಿದ್ದೀರಿ, ಒಂದು ಸಲ ವಾಪಸ್ ಕೊಡಲೇಬೇಕು. ವಾಪಸ್ ಕೊಡುವ ಆ 6 ಚದರ ಸೆಂಟಿಮೀಟರೇ (–2) × (–3).

ಬೇಸರದ ಸಂಗತಿ ಏನೆಂದರೆ, ಸ್ತಾಂದಾಲ್ ತನ್ನ ಅನುಮಾನ ತೋರಿಸಲು ಚೌಕಗಳ ಚಿತ್ರವನ್ನೇ ಬರೆದಿದ್ದಾನೆ. ಒಂದು ಗೆರೆ ಎಳೆದು, ಈ ಕಡೆ ಧನದ ಚೌಕ, ಆ ಕಡೆ ಋಣದ ಚೌಕ ಇಟ್ಟು, ಒಂದನ್ನು ಇನ್ನೊಂದರಿಂದ ಗುಣಿಸುವುದು ಹೇಗೆ ಎಂದು ಕೇಳುತ್ತಾನೆ. ಚೌಕದಿಂದ ಚೌಕವನ್ನು ಗುಣಿಸಲು ಹೋದದ್ದು ಫ್ರಾಂಕಿನಿಂದ ಫ್ರಾಂಕನ್ನು ಗುಣಿಸಿದ ಹಾಗೇ ಆಯಿತು. ಬದಿಯನ್ನು ಬದಿಯಿಂದ ಗುಣಿಸಿದ್ದರೆ ಉತ್ತರ ಆ ಚಿತ್ರದಲ್ಲೇ ಸಿಗುತ್ತಿತ್ತು.

ಚಿತ್ರ ಒಂದು ಉದಾಹರಣೆಗೆ ಆಯಿತು. ಎಲ್ಲಕ್ಕೂ ಆಗುವ ಕಾರಣ ಇನ್ನೂ ಚಿಕ್ಕದು. ಅವನ ಸಂಖ್ಯೆಗಳಲ್ಲೇ ಹೇಳುತ್ತೇನೆ. 500 ಮತ್ತು –500 ಕೂಡಿದರೆ ಸೊನ್ನೆ. ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಆದ್ದರಿಂದ

(–10,000) × 500 + (–10,000) × (–500) = 0.

ಮೊದಲ ತುಂಡು –50 ಲಕ್ಷ. ಅದಕ್ಕೆ ಏನು ಸೇರಿಸಿದರೆ ಸೊನ್ನೆ ಆಗುತ್ತದೆ? +50 ಲಕ್ಷ, ಅದೊಂದೇ. ಇಲ್ಲಿ ಸಾಲವೂ ಇಲ್ಲ, ಆಸ್ತಿಯೂ ಇಲ್ಲ. ಬಳಸಿದ್ದು ಮುಖ್ಯವಾಗಿ ಒಂದೇ ಒಪ್ಪಂದ: ಕೂಡಿ ಗುಣಿಸಿದರೂ ಬಿಡಿಸಿ ಗುಣಿಸಿ ಕೂಡಿದರೂ ಒಂದೇ ಉತ್ತರ ಬರಬೇಕು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ವಿಭಾಜಕ ನಿಯಮ ಎನ್ನುತ್ತಾರೆ. ಧನ ಸಂಖ್ಯೆಗಳಲ್ಲಿ ಇದು ನಿಜ. ಋಣ ಸಂಖ್ಯೆಗಳಿಗೂ ಇದೇ ನಡೆಯಲಿ ಎಂದು ನಾವು ಬಯಸುತ್ತೇವೆ. ಬಯಸಿದ ಮೇಲೆ ಮೈನಸ್ ಇಂಟು ಮೈನಸ್ ಪ್ಲಸ್ ಆಗಲೇಬೇಕು, ನಮ್ಮ ಇಷ್ಟ ಕೇಳುವುದಿಲ್ಲ. ‘ರೂಢಿ’ ಎಂದ ಶಾಬೇರ್ ಪೂರ್ತಿ ತಪ್ಪು ಹೇಳಲಿಲ್ಲ ಎನ್ನಬಹುದು. ಒಪ್ಪಂದ ಇರುವುದು ನಿಜ. ಆದರೆ ಅದು ಚಿಹ್ನೆಯ ಮೇಲಿನ ಒಪ್ಪಂದ ಅಲ್ಲ, ಬಿಡಿಸಿ ಗುಣಿಸುವುದರ ಮೇಲಿನದು. ಚಿಹ್ನೆ ಅದರಿಂದ ತಾನಾಗಿ ಬರುತ್ತದೆ.

(–3) × 2 = –6, (–3) × 1 = –3, (–3) × 0 = 0, ಹಾಗಾಗಿ (–3) × (–1) = 3 ಎಂದು ಪಟ್ಟಿ ಮಾಡಿ ತೋರಿಸುವ ಕ್ರಮವೂ ಇದೆ. ಮಕ್ಕಳಿಗೆ ಹಿಡಿಸುತ್ತದೆ, ನನಗೂ ಇಷ್ಟ. ಆದರೆ ಇಂಥ ಹುಡುಗ ಎದುರಿಗಿದ್ದರೆ ‘ಸೊನ್ನೆ ದಾಟಿದ ಮೇಲೂ ಮೂರು ಮೂರೇ ಏರಬೇಕು ಅಂತ ಯಾರು ಹೇಳಿದರು?’ ಎನ್ನುತ್ತಾನೆ. ಆಗ ಮತ್ತೆ ವಿಭಾಜಕ ನಿಯಮಕ್ಕೇ ಬರಬೇಕು.

ಭಾಗಾಕಾರಕ್ಕೆ ಬಂದರೆ

ಮಜಾ ಏನೆಂದರೆ, ಭಾಗಿಸುವಾಗ ಸಾಲದ ಉದಾಹರಣೆ ಇನ್ನೂ ಚೆನ್ನಾಗಿ ನಡೆಯುತ್ತದೆ. 50 ಲಕ್ಷ ಸಾಲದಲ್ಲಿ 10,000ದ ಸಾಲ ಎಷ್ಟಿವೆ? 500. ಅಂದರೆ (–50 ಲಕ್ಷ) ÷ (–10,000) = +500. ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿ ಪ್ಲಸ್ ಬಂತು, ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿ ಸಾಲವನ್ನು ಸಾಲದಿಂದ ಭಾಗಿಸುವುದಕ್ಕೆ ಅರ್ಥ ಇದೆ, ಉತ್ತರ ದುಡ್ಡಲ್ಲ, ಎಣಿಕೆ. ಅದೇ ಸಾಲವನ್ನು 500 ಜನ ಹಂಚಿಕೊಂಡರೆ ತಲೆಗೆ 10,000 ಸಾಲ: (–50 ಲಕ್ಷ) ÷ 500 = –10,000. ಇದೂ ಸಲೀಸು.

ಸಿಕ್ಕಿಹಾಕಿಕೊಳ್ಳುವುದು ಮೂರನೆಯದರಲ್ಲಿ. (+50 ಲಕ್ಷ) ÷ (–10,000). ಆಸ್ತಿಯಲ್ಲಿ ಎಷ್ಟು ಸಾಲಗಳಿವೆ ಎಂದು ಕೇಳಿದರೆ ಏನು ಹೇಳುವುದು? ಯಾವ ಸಂಖ್ಯೆಯನ್ನು –10,000ದಿಂದ ಗುಣಿಸಿದರೆ +50 ಲಕ್ಷ ಬರುತ್ತದೆ ಎಂದು ತಿರುಗಿಸಿ ಕೇಳಬೇಕು. –500. ನೋಡಿ, ಮತ್ತೆ ಹುಡುಗನ ಪ್ರಶ್ನೆಗೇ ಬಂದು ನಿಂತೆವು. ಗುಣಾಕಾರದ ಗಂಟು ಬಿಚ್ಚಿದರೆ ಭಾಗಾಕಾರದ್ದೂ ಬಿಚ್ಚುತ್ತದೆ.

ಈ ಮೂರನೇ ಬಗೆಯಲ್ಲಿ ಎಡವಿದವರೂ ಸಣ್ಣವರಲ್ಲ. 17ನೇ ಶತಮಾನದ ಫ್ರಾನ್ಸಿನ ಅಂತ್ವಾನ್ ಅರ್ನೋ ಕೇಳಿದ: 1 ÷ (–1) ಮತ್ತು (–1) ÷ 1 ಎರಡೂ ಒಂದೇ ಅನ್ನುತ್ತೀರಿ. –1 ಎಂಬುದು 1ಕ್ಕಿಂತ ಸಣ್ಣದು. ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅನುಪಾತ, ಸಣ್ಣದಕ್ಕೂ ದೊಡ್ಡದಕ್ಕೂ ಇರುವ ಅನುಪಾತಕ್ಕೆ ಸಮ ಹೇಗಾಗುತ್ತದೆ? ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ 1712ರಲ್ಲಿ ಇದಕ್ಕೆ ಉತ್ತರಿಸುತ್ತಾ ತಕರಾರಿನಲ್ಲಿ ಹುರುಳಿದೆ ಎಂದು ಒಪ್ಪಿಕೊಂಡ, ಆದರೂ ಇಂಥ ಲೆಕ್ಕ ಮಾಡಬಹುದು ಎಂದ. ಸಿಕ್ಕು ಎಲ್ಲಿದೆ ಎಂದರೆ, ‘ದೊಡ್ಡದನ್ನು ಸಣ್ಣದರಿಂದ ಭಾಗಿಸಿದರೆ 1ಕ್ಕಿಂತ ಜಾಸ್ತಿ ಬರುತ್ತದೆ’ ಎಂಬ ಅಭ್ಯಾಸ ಧನ ಸಂಖ್ಯೆಗಳ ಕಾಲದ್ದು. ಋಣ ಸಂಖ್ಯೆ ಸೇರಿಸಿಕೊಂಡಾಗ ವಿಭಾಜಕ ನಿಯಮ ಉಳಿಯಿತು, ಈ ಅಭ್ಯಾಸ ಹೋಯಿತು. ಕಾರ್ನೋ ಕೇಳಿದ 9 ಮತ್ತು 4ರ ಪ್ರಶ್ನೆಗೂ ಇದೇ ಉತ್ತರ.

ಪೂರ್ಣಾಂಕಗಳ ಭಾಗಾಕಾರದಲ್ಲಿ ಇವತ್ತಿಗೂ ಒಂದು ಒಪ್ಪಂದದ ಜಾಗ ಉಳಿದಿದೆ. –7ನ್ನು 2ರಿಂದ ಭಾಗಿಸಿ, ಭಾಗಲಬ್ಧ ಪೂರ್ಣಾಂಕವೇ ಇರಲಿ ಎಂದರೆ? ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ 1999ರ ಮಾನದಂಡದ ಪ್ರಕಾರ –3, ಶೇಷ –1. ಪೈಥಾನ್ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ –4, ಶೇಷ 1. ಎರಡೂ ಸರಿಯೇ, ತಾಳೆ ನೋಡಿ. ಒಂದು ಸೊನ್ನೆಯ ಕಡೆಗೆ ಹೋಗುತ್ತದೆ, ಇನ್ನೊಂದು ಯಾವಾಗಲೂ ಕೆಳಕ್ಕೆ ಹೋಗುತ್ತದೆ. ಇದು ನಿಜವಾದ ರೂಢಿ. ಇಲ್ಲಿ ‘ಹೀಗೆ ಇಟ್ಟುಕೊಂಡಿದ್ದಾರಪ್ಪ’ ಎಂದರೆ ತಪ್ಪಿಲ್ಲ.

ನಮ್ಮ ತರಗತಿಗಳಲ್ಲಿ

ಕಾರಣ ಇಲ್ಲದೆ ಕಲಿತ ನಿಯಮಕ್ಕೆ ತನ್ನ ಗಡಿ ಗೊತ್ತಿರುವುದಿಲ್ಲ. ‘ಮೈನಸ್ ಮೈನಸ್ ಪ್ಲಸ್’ ಎಂದು ಚುಟುಕಾಗಿ ಕಲಿತ ಮಗು –3 – 5 ಕಂಡ ಕೂಡಲೇ 8 ಎಂದು ಬರೆಯುತ್ತದೆ. ಎರಡು ಮೈನಸ್ ಕಣ್ಣಿಗೆ ಬಿದ್ದಿವೆ, ಪ್ಲಸ್ ಹಾಕಿದೆ. ಅಲ್ಲಿ ಗುಣಾಕಾರವೇ ಇಲ್ಲ. 3 ಸಾಲ, ಮೇಲೆ 5 ಸಾಲ, ಒಟ್ಟು 8 ಸಾಲ: ಇಲ್ಲಿ ಸಾಲದ ಉದಾಹರಣೆ ಪೂರ್ತಿ ನಡೆಯುತ್ತದೆ, ಉತ್ತರ –8. ಯಾವ ಮಗುವೂ ಸಾಲದ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ಪದ್ಯದಂತೆ ಕಲಿತದ್ದನ್ನು ಕಂಡಲ್ಲೆಲ್ಲ ಹಾಕುವುದರಿಂದ.

ಹಾಗಾಗಿ ಕೂಡುವಾಗ, ಕಳೆಯುವಾಗ ಸಾಲವನ್ನು ಧಾರಾಳವಾಗಿ ಬಳಸಿ. ಗುಣಿಸುವಾಗ ಒಂದನ್ನು ಮಾತ್ರ ಸಾಲ ಎನ್ನಿ, ಇನ್ನೊಂದು ‘ಎಷ್ಟು ಸಲ’. ಎರಡೂ ಮೈನಸ್ ಆದಾಗ ಸಾಲವನ್ನು ಕೆಳಗಿಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಿ 8 × 7 ಮಾಡಿಸಿ. ಬೋರ್ಡಿನ ಮೇಲೆ ಜಾಸ್ತಿ ಹೊತ್ತೂ ಬೇಕಿಲ್ಲ.

ಪ್ರಕರಣ ಮುಗಿದದ್ದು

ಗ್ರೆನೋಬ್ಲಿನಲ್ಲಿ ಗ್ರೋ ಎಂಬ ಇನ್ನೊಬ್ಬ ಮೇಷ್ಟ್ರು ಆಮೇಲೆ ಸಿಕ್ಕರು. ಅವರ ಬಗ್ಗೆ ಸ್ತಾಂದಾಲ್ ಬರೆದ ಪುಟಗಳಲ್ಲಿ ಎಲ್ಲೂ ಕಹಿ ಇಲ್ಲ, ಭಕ್ತಿ ಎನ್ನುವಷ್ಟು ಪ್ರೀತಿ ಇದೆ. 1799ರ ನವೆಂಬರಿನಲ್ಲಿ, ನೆಪೋಲಿಯನ್ ಅಧಿಕಾರ ಹಿಡಿದ ಸುಮಾರಿಗೇ, ಹುಡುಗ ಪ್ಯಾರಿಸ್ ತಲುಪಿದ. ಪಾಲಿಟೆಕ್ನಿಕ್ ಪರೀಕ್ಷೆಗೆ ಕೂರಲೇ ಇಲ್ಲ. ಊರು ಬಿಟ್ಟದ್ದಾಯಿತು, ಗಣಿತದ ಕೆಲಸ ಮುಗಿಯಿತು. ಮುಂದೆ ಸೈನ್ಯ, ಇಟಲಿ, ಕಾದಂಬರಿ. 1842ರಲ್ಲಿ ತೀರಿಕೊಂಡ.

ಅವನಿಗೆ ಬೇಕಿದ್ದ ಉತ್ತರವನ್ನು ಜರ್ಮನಿಯ ಹರ್ಮಾನ್ ಹ್ಯಾಂಕೆಲ್ 1867ರ ಪುಸ್ತಕದಲ್ಲಿ ಕಟ್ಟಾಗಿ ಬರೆದ: ಸಾಲ, ಆಸ್ತಿಗಳಿಂದ ಚಿಹ್ನೆ ನಿಯಮವನ್ನು ಸಾಧಿಸಲು ಹೋಗಬೇಡಿ, ಲೆಕ್ಕದ ಮೂಲ ನಿಯಮಗಳು ಉಳಿಯಬೇಕು ಎಂದರೆ ಅದು ತಾನಾಗಿ ಬರುತ್ತದೆ. ಸ್ತಾಂದಾಲನ ಆತ್ಮಕಥೆಯ ಹಸ್ತಪ್ರತಿ ಅಚ್ಚಾದದ್ದು 1890ರಲ್ಲಿ. ಹುಡುಗನ ಪ್ರಶ್ನೆ ಓದುಗರ ಕೈ ಸೇರುವ ಹೊತ್ತಿಗೆ ಹ್ಯಾಂಕೆಲನ ಉತ್ತರಕ್ಕೆ ಆಗಲೇ 23 ವರ್ಷ ಆಗಿತ್ತು.